ಹುಟ್ಟು ಹಾಕುವವನ ಬೆನ್ನು

ನಮ್ಮ ಆಫೀಸಿನ ಕಾನ್ಫರೆನ್ಸ್ ರೂಮಿನಲ್ಲಿ ಒಂದು ಪೋಸ್ಟರ್ ಇದೆ. ಬೆಳಗಿನ ಮಂಜು, ಅಲುಗಾಡದ ನೀರು, ಪೆನ್ಸಿಲ್ಲಿನ ಹಾಗೆ ಉದ್ದಕ್ಕೆ ಒಂದು ದೋಣಿ, ಅದರಲ್ಲಿ ಎಂಟು ಜನ ಒಟ್ಟಿಗೇ ಹುಟ್ಟು ಎತ್ತಿದ್ದಾರೆ. ಕೆಳಗೆ ದಪ್ಪ ಅಕ್ಷರದಲ್ಲಿ 'ಟೀಮ್‌ವರ್ಕ್'. ನೀವೂ ಐಟಿಯವರಾದರೆ ಇದನ್ನೋ ಇದರ ಅಣ್ಣತಮ್ಮಂದಿರನ್ನೋ ನೋಡೇ ಇರ್ತೀರಿ. ಕಳೆದ ತಿಂಗಳು ಅದರ ಕೆಳಗೆ ಕೂತು ನಮ್ಮ ಮ್ಯಾನೇಜರು "ನಾವೆಲ್ಲಾ ಒಂದೇ ದೋಣೀಲಿದೀವಿ" ಅಂದರು. ಮುಂದಿನ ವಾರ ಹನ್ನೊಂದು ಜನರ ಟೀಮಿನಿಂದ ನಾಲ್ಕು ಜನರನ್ನು ಇಳಿಸಿದರು. ನಡುನೀರಿನಲ್ಲೇ. ನಾನು ಉಳಿದೆ. ಉಳಿದವನಿಗೆ ಆ ಪೋಸ್ಟರಿನ ಎದುರು ಕೂರೋದು ಇನ್ನೂ ಕಷ್ಟ..

ಅವತ್ತಿನಿಂದ ಒಂಥರಾ ಹಟಕ್ಕೆ ಬಿದ್ದವನ ಹಾಗೆ ರೋಯಿಂಗ್ ಬಗ್ಗೆ ಸಿಕ್ಕ ಸಿನಿಮಾ, ಪುಸ್ತಕ ಎಲ್ಲಾ ನೋಡಿದೆ, ಓದಿದೆ. ಅನ್ನಿಸಿದ್ದು ಇಷ್ಟು: ದೋಣಿಯ ಕತೆಗಳಲ್ಲಿ ಹೆಚ್ಚಿನವು ದಡದ ಮೇಲೆ ನಿಂತವರು ಹೇಳಿದ್ದು. ಹುಟ್ಟು ಹಿಡಿದವನು ಹೇಳಿದ ಕತೆ ತೀರಾ ಕಮ್ಮಿ.

ಮೊದಲು ಒಂದು ಸಣ್ಣ ಟೆಕ್ನಿಕಲ್ ವಿಷಯ. ಕೇರಳದ ವಳ್ಳಂ ಕಳಿಯಲ್ಲಿ ಹುಟ್ಟು ಹಾಕುವವರು ಮುಂದೆ ನೋಡುತ್ತಾ ಕೂರುತ್ತಾರೆ. ಒಲಿಂಪಿಕ್ಸಿನ ರೋಯಿಂಗ್ ಹಾಗಲ್ಲ. ಅಲ್ಲಿ ಹುಟ್ಟನ್ನು ದೋಣಿಗೇ ಕೊಂಡಿಹಾಕಿ ಕೂರಿಸಿರುತ್ತಾರೆ, ಎಳೆಯುವವರ ಬೆನ್ನು ಗುರಿಯ ಕಡೆಗೆ. (ಕನ್ನಡದಲ್ಲಿ ಎರಡಕ್ಕೂ 'ಹುಟ್ಟು ಹಾಕೋದು' ಅಂತಲೇ ಅನ್ನೋದರಿಂದ ಈ ವ್ಯತ್ಯಾಸ ನನಗೆ ತಲೆಗೆ ಹೋಗಿರಲೇ ಇಲ್ಲ.) ಎರಡು ಸಾವಿರ ಮೀಟರ್ ಎಂಟೂ ಜನ ತಾವು ಬಿಟ್ಟು ಬಂದ ನೀರನ್ನೇ ನೋಡುತ್ತಾ ಎಳೆಯುತ್ತಾರೆ. ಎದುರಿಗೇನಿದೆ ಅಂತ ಕಾಣುವುದು ಒಂಬತ್ತನೆಯವನಿಗೆ, ಚುಕ್ಕಾಣಿ ಹಿಡಿದು ಕೂತ ಕಾಕ್ಸ್‌ಗೆ ಮಾತ್ರ. ಅವನು ಹುಟ್ಟು ಮುಟ್ಟುವುದಿಲ್ಲ, ಕೂಗಿ ಹೇಳುತ್ತಾನೆ ಅಷ್ಟೆ. ಪರಿಚಯದ ವ್ಯವಸ್ಥೆ, ಅಲ್ವಾ? :-)

ಸಿನಿಮಾದ ಹುಟ್ಟು ಅಂದರೆ ಎಲ್ಲರಿಗೂ ಮೊದಲು ನೆನಪಾಗೋದು 1959ರ 'ಬೆನ್-ಹರ್'. ಹಡಗಿನ ಹೊಟ್ಟೆಯಲ್ಲಿ ಸರಪಳಿ ಹಾಕಿಸಿಕೊಂಡ ಗುಲಾಮರು, ಬಡಿಯುವ ನಗಾರಿ. ಮೇಲಿನವನು ಸುಮ್ಮನೆ ಪರೀಕ್ಷೆ ಮಾಡೋಕೆ ವೇಗ ಏರಿಸುತ್ತಾ ಹೋಗುತ್ತಾನೆ, ಕೆಳಗೆ ಜನ ಉರುಳುತ್ತಾರೆ. ನಾನು ಹಿಂದೆ ನೋಡಿದಾಗ ಮೈ ಝುಂ ಅಂದಿತ್ತು, ಈ ಸಲ 'ಸ್ಪ್ರಿಂಟ್ ಪ್ಲ್ಯಾನಿಂಗ್' ನೆನಪಾಯಿತು. ತಮಾಷೆ ಏನೆಂದರೆ ರೋಮನ್ನರ ಯುದ್ಧನೌಕೆಗಳಲ್ಲಿ ಹುಟ್ಟು ಹಾಕುತ್ತಿದ್ದವರು ಬಹುಪಾಲು ಸಂಬಳದ ಸ್ವತಂತ್ರ ಜನ ಅನ್ನುತ್ತಾರೆ ಇತಿಹಾಸಕಾರರು. ಸರಪಳಿಯ ಚಿತ್ರ ಎಷ್ಟೋ ಶತಮಾನಗಳ ನಂತರದ ಮೆಡಿಟರೇನಿಯನ್ ಹಡಗುಗಳದ್ದು. ಲ್ಯೂ ವಾಲೇಸ್ 1880ರ ಕಾದಂಬರಿಯಲ್ಲಿ ಅದನ್ನು ರೋಮಿಗೆ ಅಂಟಿಸಿದ, ಸಿನಿಮಾ ಖಾಯಂ ಮಾಡಿತು. ಸಂಬಳಕ್ಕೆ ಎಳೆಯುವವನ ಕತೆ ಯಾರಿಗೆ ಬೇಕು ಹೇಳಿ!

'ದಿ ಸೋಷಿಯಲ್ ನೆಟ್‌ವರ್ಕ್' (2010) ಇನ್ನೊಂದು ಬಗೆ. ಹೆನ್ಲಿ ರೇಸಿನ ದೃಶ್ಯದಲ್ಲಿ ಫಿಂಚರ್ ದೋಣಿ, ದಡ, ಜನ ಎಲ್ಲವನ್ನೂ ಆಟಿಕೆಗಳ ಹಾಗೆ ಕಾಣಿಸುತ್ತಾನೆ. ವಿಂಕಲ್‌ವಾಸ್ ಅವಳಿಗಳು ಅಲ್ಲಿ ಸೋಲುತ್ತಾರೆ, ಕೋಡ್ ಬರೆಯುವ ನಾವು ಒಳಗೊಳಗೇ ಖುಷಿಪಡುತ್ತೇವೆ. ಶ್ರೀಮಂತರ ಮಕ್ಕಳು, ಸೋಲಲಿ ಬಿಡಿ ಅಂತ. ಆದರೆ ನಿಜಜೀವನದಲ್ಲಿ ಆ ಇಬ್ಬರೂ 2008ರ ಬೀಜಿಂಗ್ ಒಲಿಂಪಿಕ್ಸಿನ ಫೈನಲ್‌ವರೆಗೆ ಹೋಗಿ ಆರನೆಯವರಾದರು. ಆ ಶ್ರಮಕ್ಕೆ ಸಿನಿಮಾದಲ್ಲಿ ಸಿಗುವುದು ಕೊನೆಯಲ್ಲಿ ಬರುವ ಬರಹದ ಒಂದು ಸಾಲು ಅಷ್ಟೆ.

ಈ ವಿಷಯದಲ್ಲಿ ಪ್ರಾಮಾಣಿಕ ಅಂದರೆ ಜೆರೋಮ್ ಕೆ. ಜೆರೋಮ್. 1889ರ 'ತ್ರೀ ಮೆನ್ ಇನ್ ಎ ಬೋಟ್'ನಲ್ಲಿ ಮೂವರಿಗೂ ಒಂದೇ ಅನುಮಾನ, ದೋಣಿಯ ಕೆಲಸವೆಲ್ಲಾ ತನ್ನೊಬ್ಬನ ತಲೆಗೇ ಬಂದಿದೆ ಅಂತ. ಕೊನೆಗೆ ಜೋರು ಮಳೆ ಹಿಡಿದಾಗ ದೋಣಿಯನ್ನು ಪ್ಯಾಂಗ್‌ಬೋರ್ನ್‌ನಲ್ಲಿ ಬಿಟ್ಟು ರೈಲು ಹತ್ತಿ ಲಂಡನ್ನಿಗೆ ಪರಾರಿ. ನಾನು ನೋಡಿದ ಟೀಮ್‌ವರ್ಕ್ ಇದೇ ತರದ್ದು.

ಈಗ ಎಚ್‌ಆರ್‌ನವರ ಪ್ರೀತಿಯ ಪುಸ್ತಕಕ್ಕೆ ಬರೋಣ. ಡೇನಿಯಲ್ ಜೇಮ್ಸ್ ಬ್ರೌನ್ 2013ರಲ್ಲಿ ಬರೆದ 'ದಿ ಬಾಯ್ಸ್ ಇನ್ ದಿ ಬೋಟ್'. ವಾಷಿಂಗ್ಟನ್ ವಿಶ್ವವಿದ್ಯಾಲಯದ ಹುಡುಗರು, ಮರ ಕಡಿಯುವವರ, ರೈತರ, ಮೀನು ಹಿಡಿಯುವವರ ಮಕ್ಕಳು, 1936ರ ಬರ್ಲಿನ್ ಒಲಿಂಪಿಕ್ಸಿನಲ್ಲಿ ಹಿಟ್ಲರ್ ಕಣ್ಣೆದುರಿಗೇ ಚಿನ್ನ ಗೆದ್ದ ನಿಜಕತೆ. ಇಟಲಿಗಿಂತ 0.6 ಸೆಕೆಂಡ್ ಮುಂದೆ, ಜರ್ಮನಿಗಿಂತ ಒಂದೇ ಸೆಕೆಂಡ್. ಎಂಟು ಜನಕ್ಕೂ ಲಯ ಕೊಡುವ ಜಾಗದಲ್ಲಿ ಕೂತಿದ್ದ ಡಾನ್ ಹ್ಯೂಮ್‌ಗೆ ಅವತ್ತು ಕಾಯಿಲೆ. ಕೊನೇ ಪುಟಗಳನ್ನು ನಾನು ನಿಂತುಕೊಂಡೇ ಓದಿದೆ, ಸುಳ್ಳು ಹೇಳಲ್ಲ.

ಆದರೆ ಒಗ್ಗಟ್ಟಿನ ಪಾಠ ಅಂತ ಹಂಚುವ ಈ ಪುಸ್ತಕ ನನಗೆ ಓದಿಸಿಕೊಂಡದ್ದೇ ಬೇರೆ ಥರ. ಕತೆಯ ನಡುವೆ ಇರುವ ಜೋ ರ‍್ಯಾಂಟ್ಸ್ ಅನ್ನುವ ಹುಡುಗನನ್ನು 1929ರಲ್ಲಿ, ಹದಿನೈದನೇ ವಯಸ್ಸಿಗೆ, ಅಪ್ಪ ಮತ್ತು ಮಲತಾಯಿ ಮನೆಯಲ್ಲಿ ಒಬ್ಬನೇ ಬಿಟ್ಟು ಹೊರಟುಹೋಗುತ್ತಾರೆ. ಕಾಡುಮೇಡಿನಲ್ಲಿ ಸಿಕ್ಕಿದ್ದು ತಿಂದುಕೊಂಡು, ಕೂಲಿ ಮಾಡಿಕೊಂಡು ಬೆಳೆದವನು. ಆಮೇಲೆ ಕಾಲೇಜಿನ ದೋಣಿಯಲ್ಲಿ ಜಾಗ ಸಿಕ್ಕರೂ ಕೋಚ್ ಅವನನ್ನು ಒಂದು ದೋಣಿಯಿಂದ ತೆಗೆದು ಇನ್ನೊಂದಕ್ಕೆ ಹಾಕುತ್ತಲೇ ಇರುತ್ತಾನೆ. ಹುಡುಗ ಪ್ರತಿಸಲವೂ ಒಳಗೇ ಕುಸಿಯುತ್ತಾನೆ. ಒಮ್ಮೆ ಬಿಟ್ಟುಹೋಗಿಸಿಕೊಂಡವನಿಗೆ ಪಕ್ಕದವನನ್ನು ನಂಬು ಅಂದರೆ ಹೇಗೆ ನಂಬಿಯಾನು? ನನಗೆ ಅದು ದೋಣಿಯಿಂದ ಇಳಿಸಿಬಿಡುತ್ತಾರೆ ಅನ್ನೋ ಭಯದ ಪುಸ್ತಕ. ಜಾರ್ಜ್ ಕ್ಲೂನಿಯ 2023ರ ಸಿನಿಮಾ ಇದನ್ನು ಬೇಗ ಬೇಗ ದಾಟಿಸಿ ರೇಸಿಗೆ ಓಡುತ್ತದೆ. ಸಿನಿಮಾ ಚೆನ್ನಾಗಿದೆ, ಪೋಸ್ಟರಿನಷ್ಟೇ ಚೆನ್ನಾಗಿದೆ.

ಪೋಸ್ಟರಿನಲ್ಲಿ ಕಾಣದ್ದು ಇನ್ನೊಂದಿದೆ. ರೋಯಿಂಗಿನಲ್ಲಿ 'ಸೀಟ್ ರೇಸಿಂಗ್' ಅಂತ ಒಂದು ಪದ್ಧತಿ. ಎರಡು ದೋಣಿ ಓಡಿಸಿ, ಒಬ್ಬೊಬ್ಬರನ್ನು ಅದಲುಬದಲು ಮಾಡಿ, ಮತ್ತೆ ಓಡಿಸುತ್ತಾರೆ. ಅಂತರ ಎಷ್ಟು ಬದಲಾಯಿತು ಅನ್ನೋದರ ಮೇಲೆ ಯಾರು ಉಳಿಯಬೇಕು, ಯಾರು ಹೋಗಬೇಕು ಅಂತ ತೀರ್ಮಾನ. ಅಪ್ರೈಸಲ್ಲೇ, ನೀರಿನ ಮೇಲೆ. ಜಾಗಕ್ಕಾಗಿ ನಡೆಯುವ ಈ ಹೊಡೆದಾಟ ಮನುಷ್ಯರನ್ನು ಏನು ಮಾಡುತ್ತೆ ಅಂತ ನೋಡಬೇಕಿದ್ದರೆ 'ದಿ ನೋವಿಸ್' (2021) ನೋಡಿ. ನಿರ್ದೇಶಕಿ ಲಾರೆನ್ ಹ್ಯಾಡವೇ ಕಾಲೇಜಿನಲ್ಲಿ ಸ್ವತಃ ಹುಟ್ಟು ಹಾಕಿದವರು, ಅದು ಗೊತ್ತಾಗುತ್ತದೆ. ಸುಂದರ ಸೂರ್ಯೋದಯ ಕಡಿಮೆ. ಅಂಗೈ ಕಿತ್ತುಹೋದ ಹುಡುಗಿ, ಅವಳ ಉಸಿರು, ಅವಳ ಹುಚ್ಚು ಜಾಸ್ತಿ.

ನಮ್ಮಲ್ಲೂ ದೋಣಿಯ ಹಾಡುಗಳಿಗೇನೂ ಕೊರತೆಯಿಲ್ಲ. ಆದರೆ ಪುರಂದರದಾಸರು ಅಂಬಿಗನನ್ನು ಕರೆಯುವುದು ಪ್ರಯಾಣಿಕನ ಜಾಗದಲ್ಲಿ ಕೂತು. ನಿಜವಾಗಿ ಹುಟ್ಟು ಹಿಡಿದು ಮಾತಾಡಿದವನು ಹನ್ನೆರಡನೇ ಶತಮಾನದ ಅಂಬಿಗರ ಚೌಡಯ್ಯ. ಅವನ ವಚನಗಳ ಬಿರುಸು ನೋಡಿದರೆ ಅದು ದಡದಲ್ಲಿ ನಿಂತು ಹೇಳಿದ ಮಾತಲ್ಲ ಅಂತ ತಿಳಿಯುತ್ತೆ.

ಇನ್ನು ಎಲ್ಲರ ಇನ್‌ಬಾಕ್ಸಿಗೂ ಬಂದಿರೋ ಆ ಹಳೇ ಫಾರ್ವರ್ಡ್. ಜಪಾನಿ ಕಂಪನಿಯ ದೋಣಿಯಲ್ಲಿ ಎಂಟು ಜನ ಹುಟ್ಟು ಹಾಕುವವರು, ಒಬ್ಬ ಚುಕ್ಕಾಣಿಯವನು; ಅಮೆರಿಕನ್ ಕಂಪನಿಯದರಲ್ಲಿ ಎಂಟು ಚುಕ್ಕಾಣಿ, ಒಂದೇ ಹುಟ್ಟು; ಸೋತ ಮೇಲೆ ಆ ಒಬ್ಬನನ್ನೇ ಕೆಲಸದಿಂದ ತೆಗೆದರಂತೆ. ಬರೆದವರು ಯಾರೋ, ಹುಟ್ಟಿನ ಕಡೆಯವರು ಅನ್ನೋದರಲ್ಲಿ ನನಗೆ ಅನುಮಾನವಿಲ್ಲ.

ಹಾಗಂತ ಕಾಕ್ಸ್ ಮೇಲೆ ನನಗೆ ಸಿಟ್ಟಿಲ್ಲ. ಅವನೂ ಅದೇ ದೋಣಿಯಲ್ಲೇ ಕೂತಿರುತ್ತಾನೆ. 1912ರ ಆಕ್ಸ್‌ಫರ್ಡ್-ಕೇಂಬ್ರಿಡ್ಜ್ ರೇಸಿನಲ್ಲಿ ಎರಡೂ ದೋಣಿಗೆ ನೀರು ನುಗ್ಗಿ ಇನ್ನೊಂದು ದಿನ ಮತ್ತೆ ನಡೆಸಬೇಕಾಯಿತು, ಆಗ ಕಾಕ್ಸ್‌ಗಳೂ ನೆನೆದರು. ಗೆದ್ದರೂ ಅವನಿಗೆ ಬಿಡುಗಡೆ ಇಲ್ಲ, ಹುಡುಗರು ಎತ್ತಿ ನೀರಿಗೆ ಎಸೆಯುತ್ತಾರೆ, ಅದು ಪದ್ಧತಿ. ನಮ್ಮ ಮ್ಯಾನೇಜರ ಪ್ಯಾಂಟು ಅವತ್ತು ಒಣಗಿಯೇ ಇತ್ತು.

ಕನ್ನಡದಲ್ಲಿ ಅಂಬಿಗನೇ 'ನಾನು' ಅಂತ ಹೇಳುವ ಕತೆಯೋ ಕಾದಂಬರಿಯೋ ನಿಮಗೆ ಗೊತ್ತಿದ್ದರೆ ದಯವಿಟ್ಟು ತಿಳಿಸಿ. ಮೊನ್ನೆ ಇಳಿದುಹೋದ ನಾಲ್ವರಲ್ಲಿ ಒಬ್ಬ ಓದೋಕೆ ಏನಾದರೂ ಕೊಡು ಅಂತ ಕೇಳಿದಾನೆ. ಜೆರೋಮ್ ಕೊಟ್ಟಿದೀನಿ.