ಹುರಿಯುಂಡೆಯ ಮುಂದೆ ನಕ್ಕವರ ಜೊತೆ ಒಂದು ಜಗಳ

ಅಕ್ಕನ ಮನೆಗೆಂದು ಮಿನಿಯಾಪೊಲಿಸ್‌ಗೆ ಹೋಗಿದ್ದಾಗಿನ ಮಾತು. ಒಂದು ಶನಿವಾರ ಎಲ್ಲರೂ ಮಾಲ್‌ಗೆಂದು ಹೊರಟು ಕಾರಿನಲ್ಲಿ ಕೂತಿದ್ದೆವು. ಅಕ್ಕನ ಮಗಳು ಮೊಬೈಲಿನಿಂದ ತಲೆಯೆತ್ತಿ, "ಮಾಮ, ಇಲ್ಲೇ ಒಂದು ಊರಲ್ಲಿ ಕೋಣೆಯಷ್ಟು ದೊಡ್ಡ ಹುರಿಯುಂಡೆ ಇದೆಯಂತೆ" ಅಂದಳು. ಭಾವ ಹೋ ಎಂದು ನಕ್ಕು ಕಾರನ್ನು ಪಶ್ಚಿಮಕ್ಕೆ ತಿರುಗಿಸಿದರು. ನನ್ನ ತಕರಾರು ಇರುವುದು ಆ ನಗುವಿನ ಬಗ್ಗೆ.

ಡಾರ್ವಿನ್ 350 ಜನರ ಆಸುಪಾಸಿನ ಊರು. ರಸ್ತೆ ಬದಿಯ ಮಂಟಪವೊಂದರಲ್ಲಿ, ಪಾರದರ್ಶಕ ಗೋಡೆಗಳ ಹಿಂದೆ ಉಂಡೆ ಕೂತಿದೆ. ಅಗಲ 12 ಅಡಿ, ತೂಕ 17,400 ಪೌಂಡು. ಅಂದರೆ ಎಂಟು ಟನ್ನಿಗೆ ಸ್ವಲ್ಪ ಕಮ್ಮಿ. ಹುಲ್ಲಿನ ಪಿಂಡಿ ಕಟ್ಟುವ ಕತ್ತಾಳೆ ಹುರಿ, ನಮ್ಮೂರ ಬೇಲಿಯ ಕತ್ತಾಳೆಯ ನೆಂಟ. 1950ರಲ್ಲಿ ಫ್ರಾನ್ಸಿಸ್ ಜಾನ್ಸನ್ ಎಂಬಾತ ಇದನ್ನು ಸುತ್ತಲು ಶುರುಮಾಡಿ, 29 ವರ್ಷ ಒಬ್ಬನೇ ಸುತ್ತಿದ. ಉಂಡೆ ಕೈಗೆ ಜಗ್ಗದಷ್ಟು ಭಾರವಾದಾಗ ರೈಲ್ವೆಯವರು ಬಳಸುವ ಜ್ಯಾಕ್ ತಂದು ಎತ್ತಿ ಸುತ್ತಿದ. ಕಾನ್ಸಾಸ್‌ನ ಕಾಕರ್ ಸಿಟಿಯಲ್ಲಿ ಇನ್ನೊಬ್ಬ 1953ರಲ್ಲಿ ಸುತ್ತತೊಡಗಿದ್ದ. ಅವನು ಸತ್ತ ಮೇಲೂ ಆ ಊರವರು ವರ್ಷಾವರ್ಷ ಹುರಿ ಸೇರಿಸುತ್ತಾ ಅದನ್ನು ಬೆಳೆಸುತ್ತಿದ್ದಾರೆ. ಹಾಗಾಗಿ ಡಾರ್ವಿನ್‌ನವರ ಹೆಮ್ಮೆಗೆ ಒಂದು ಷರತ್ತು ಅಂಟಿಕೊಂಡಿದೆ: ಒಬ್ಬನೇ ಮನುಷ್ಯ ಸುತ್ತಿದ್ದರಲ್ಲಿ ನಮ್ಮದೇ ದೊಡ್ಡದು! ಎರಡು ಊರುಗಳ ನಡುವಿನ ಈ ಹಟ ನನಗೆ ಬಲು ಇಷ್ಟವಾಯಿತು.

"ಅಲ್ಲ ಮಾರಾಯ, ಇದರಿಂದ ಏನು ಉಪಯೋಗ?" ಅಂದರು ಭಾವ. ನಾನು ಕನ್ನಡ ಎಂ.ಎ.ಗೆ ಸೇರಿದಾಗಲೂ ಅವರು ಇದೇ ಪ್ರಶ್ನೆ ಕೇಳಿದ್ದರು, ಇದೇ ಧ್ವನಿಯಲ್ಲಿ. ಆಗ ಉತ್ತರ ಹೊಳೆದಿರಲಿಲ್ಲ. ಈ ಸಲ ರೇಗಿತು. "ಹೋದ ವಾರ ರಶ್‌ಮೋರ್ ಬೆಟ್ಟದ ಮುಂದೆ ನಿಂತಾಗ ಈ ಪ್ರಶ್ನೆ ಯಾಕೆ ಬರಲಿಲ್ಲ ಭಾವ?" ಎಂದುಬಿಟ್ಟೆ.

ಅಲ್ಲಿ ಯಾರೂ ನಕ್ಕಿರಲಿಲ್ಲ. ನಾನೂ ಬಾಯಿಬಿಟ್ಟುಕೊಂಡು ನಿಂತು ಫೋಟೋ ತೆಗೆಸಿಕೊಂಡಿದ್ದೆ. ನಾಲ್ವರು ಅಧ್ಯಕ್ಷರ ಮುಖಗಳನ್ನು 1927ರಿಂದ 1941ರವರೆಗೆ ಡೈನಮೈಟ್ ಸಿಡಿಸಿ ಕೆತ್ತಿದ ಆ ಬೆಟ್ಟಸಾಲು ಲಕೋಟಾ ಜನರಿಗೆ ಪವಿತ್ರವಾದದ್ದು. 1868ರ ಒಪ್ಪಂದದಲ್ಲಿ ಅವರದೆಂದು ಬರೆದುಕೊಟ್ಟು, ಬಂಗಾರ ಸಿಕ್ಕಿದ ಮೇಲೆ ಕಿತ್ತುಕೊಂಡ ನೆಲ. 1980ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟೇ ಇದಕ್ಕೆ ಪರಿಹಾರ ಸಲ್ಲಬೇಕು ಎಂದಿತು. ಲಕೋಟಾ ಜನ ಆ ಹಣ ಮುಟ್ಟಲಿಲ್ಲ, ನಮಗೆ ಬೆಟ್ಟ ಬೇಕು ಎಂದರು. ಇಷ್ಟೆಲ್ಲ ಇದ್ದೂ ಅದು 'ನೋಡಲೇಬೇಕಾದ ಸ್ಥಳ'. ಯಾರ ನೆಲವನ್ನೂ ಕಿತ್ತುಕೊಳ್ಳದೆ ತನ್ನ ಹಿತ್ತಿಲಲ್ಲಿ ಹುರಿ ಸುತ್ತಿಕೊಂಡವನು ಮಾತ್ರ ಹುಚ್ಚ!

ನಮ್ಮ ಪ್ರವಾಸಕಥನಗಳಲ್ಲೂ ಈ ಪಂಕ್ತಿಭೇದ ಉಂಟು. ನಾನು ಓದಿದ ಎಷ್ಟೋ ಅಮೆರಿಕ ಪ್ರವಾಸಗಳಲ್ಲಿ ನಯಾಗರ, ಸ್ವಾತಂತ್ರ್ಯದೇವಿ, ಶ್ವೇತಭವನ ಸಾಲಾಗಿ ಬರುತ್ತವೆ. ಕೊನೆಗೆ "ಇವರಿಗೆ ಇತಿಹಾಸವಿಲ್ಲ" ಎಂಬ ಷರಾ. ಇತಿಹಾಸ ಇವರಿಗೆ ಎಲ್ಲಿ ಸಿಗಬೇಕು? ಟಿಕೆಟ್ ಕೌಂಟರಿನಲ್ಲೇ? ಆ ಬಯಲು ಸೀಮೆಯ ಉದ್ದನೆಯ ಚಳಿಗಾಲ, ಒಂಟಿ ಹೊಲಮನೆ, ಮಾತಾಡಲು ಯಾರೂ ಇಲ್ಲದ ಸಂಜೆಗಳು, ಇವು ನನಗೆ ಅರ್ಥವಾದದ್ದು ಆ ಉಂಡೆಯ ಮುಂದೆ.

ಹಾಗಂತ ವಿಚಿತ್ರವಾದದ್ದೆಲ್ಲ ದೊಡ್ಡದೆಂದು ನಾನು ವಾದಿಸುವುದಿಲ್ಲ. ಅದೇ ಮಧ್ಯಾಹ್ನ ಎರಡು ಗಂಟೆ ದಕ್ಷಿಣಕ್ಕೆ ಓಡಿ ಬ್ಲೂ ಅರ್ಥ್ ಎಂಬ ಊರಿನಲ್ಲಿ 55 ಅಡಿಯ ಹಸಿರು ರಾಕ್ಷಸನನ್ನೂ ನೋಡಿದೆವು. ಡಬ್ಬಿಯಲ್ಲಿ ತುಂಬಿದ ಬಟಾಣಿ ಮಾರುವ ಕಂಪನಿಯ ಗುರುತು ಅದು. ಹತ್ತು ನಿಮಿಷದಲ್ಲಿ ಬೇಜಾರಾಯಿತು. ಅಲ್ಲಿ ಭಾವನ ಜೊತೆ ಸೇರಿ ನಾನೂ ನಕ್ಕೆ.

ರಾತ್ರಿ ಭಾವ ಬೆಂಗಳೂರಿನ ಗೆಳೆಯನಿಗೆ ಫೋನು ಹಚ್ಚಿದರು. ರಶ್‌ಮೋರ್ ಒಂದು ವಾಕ್ಯದಲ್ಲಿ ಮುಗಿಯಿತು. ಆಮೇಲೆ, "ಇನ್ನೊಂದು ಕೇಳಿಲ್ಲಿ, ಒಬ್ಬ 29 ವರ್ಷ..." ಎಂದು ಶುರುಮಾಡಿದವರು, ಅಕ್ಕ ಎರಡು ಸಲ ಊಟಕ್ಕೆ ಕರೆದರೂ ಏಳಲಿಲ್ಲ.