ಟೊಮೆಟೊ ಹಣ್ಣೋ ತರಕಾರಿಯೋ: ಒಂದು ನಯವಿಚಾರ

ಟೊಮೆಟೊ ಹಣ್ಣೋ ತರಕಾರಿಯೋ ಎಂಬ ಪ್ರಶ್ನೆ ಬಾಲಿಶವೆಂದು ತೋರಬಹುದು. ಆದರೆ 1893ರ ಮೇ 10ರಂದು ಅಮೆರಿಕದ ಸರ್ವೋಚ್ಚ ನ್ಯಾಯಾಲಯ ಇದೇ ಪ್ರಶ್ನೆಗೆ ತೀರ್ಪು ನೀಡಬೇಕಾಯಿತು. ಅಲ್ಲಿನ 1883ರ ಸುಂಕ ಕಾಯಿದೆಯಂತೆ ಆಮದಾಗುವ ತರಕಾರಿಗೆ ಶೇಕಡಾ 10ರಷ್ಟು ಸುಂಕ. ವಿಶೇಷವಾಗಿ ಹೆಸರಿಸದ ಹಣ್ಣುಗಳಿಗೆ ವಿನಾಯಿತಿ. 1886ರಲ್ಲಿ ವೆಸ್ಟ್ ಇಂಡೀಸಿನಿಂದ ಟೊಮೆಟೊ ತರಿಸಿದ ನಿಕ್ಸ್ ವರ್ತಕರು ತೆತ್ತ ಸುಂಕವನ್ನು ಮರಳಿ ಪಡೆಯಲು ನ್ಯೂಯಾರ್ಕ್ ಬಂದರಿನ ಸುಂಕಾಧಿಕಾರಿ ಹೆಡ್ಡನ್ ಮೇಲೆ ದಾವೆ ಹೂಡಿದರು. ವಾದಿ ಪ್ರತಿವಾದಿಗಳಿಬ್ಬರೂ ನಿಘಂಟುಗಳನ್ನು ಓದಿದರು. ನ್ಯಾಯಮೂರ್ತಿ ಗ್ರೇ ಅವರು ಸಸ್ಯಶಾಸ್ತ್ರದಂತೆ ಟೊಮೆಟೊ ಫಲವೇ ಎಂದು ಒಪ್ಪಿ, ಜನರ ಮಾತಿನಲ್ಲಿ ಮಾತ್ರ ಅದು ಊಟದೊಡನೆ ಬಡಿಸುವ ತರಕಾರಿಯೆಂದು ನಿರ್ಣಯಿಸಿದರು. ನಿಕ್ಸ್ ಸೋತರು.

ಈ ತೀರ್ಪು ವಿಜ್ಞಾನಕ್ಕಾದ ಅಪಚಾರವೆಂದು ನಗುವವರುಂಟು. ಆ ನಗು ಅಕಾರಣ. ವಸ್ತುವನ್ನು ಒಂದು ಅಪೇಕ್ಷೆಯಿಂದ ಗ್ರಹಿಸುವುದನ್ನು ಜೈನ ತರ್ಕವು ನಯವೆಂದು ಕರೆಯುತ್ತದೆ. ಇತರ ಅಪೇಕ್ಷೆಗಳನ್ನು ನಿರಾಕರಿಸಿದರೆ ಅದೇ ನಯವು ದುರ್ನಯವಾಗುತ್ತದೆ. ಗ್ರೇ ಅವರದು ಲೋಕರೂಢಿಯನ್ನು ಅನುಸರಿಸುವ ವ್ಯವಹಾರನಯ; ಸಸ್ಯಶಾಸ್ತ್ರವನ್ನು ಅವರು ಅಲ್ಲಗಳೆಯಲಿಲ್ಲ. 'ಟೊಮೆಟೊ ವಾಸ್ತವವಾಗಿ ಹಣ್ಣು, ಉಳಿದುದೆಲ್ಲ ಅಜ್ಞಾನ' ಎನ್ನುವವರದೇ ದುರ್ನಯ. ಹಾಗೆಂದು ಎಲ್ಲವೂ ಸರಿ ಎಂದು ಕೈತೊಳೆದುಕೊಳ್ಳುವುದು ಅನೇಕಾಂತವಲ್ಲ. ಸುಂಕ ತೆರಬೇಕೋ ಬೇಡವೋ ಎಂಬಲ್ಲಿ ಒಂದೇ ಉತ್ತರವಿರಬೇಕು. ಯಾವ ಪ್ರಯೋಜನಕ್ಕೆ ಯಾವ ನಯ ಎಂಬುದನ್ನು ಹೇಳಿಯೇ ಆ ಉತ್ತರವನ್ನು ಕೊಡಬೇಕು.

ಶ್ರಾವಕಾಚಾರ ಗ್ರಂಥಗಳು ಇದನ್ನೇ ಮಾಡಿವೆ. ಆಲ, ಅರಳಿ, ಅತ್ತಿ, ಬಸರಿ, ಕಾಡತ್ತಿ ಇವು ವರ್ಜ್ಯವಾದ ಪಂಚ ಉದುಂಬರ ಫಲಗಳು. ಇಂದಿನ ಸಸ್ಯಶಾಸ್ತ್ರಕ್ಕೆ ಅತ್ತಿಯ ಹಣ್ಣು ಒಂದು ಹಣ್ಣೇ ಅಲ್ಲ. ಒಳಮುಖವಾಗಿ ಮುಚ್ಚಿದ ಹೂಗೊಂಚಲು. ಆದರೆ ಅಲ್ಲಿ ವಿಭಾಗಕ್ಕೆ ಆಧಾರ ಹೂವಿನ ರಚನೆಯಲ್ಲ, ಒಳಗೆ ನೆಲೆಸಿದ ಜೀವಿಗಳ ಹಿಂಸೆ. ಆ ಪಟ್ಟಿಯನ್ನು ಸಸ್ಯಶಾಸ್ತ್ರದ ತಕ್ಕಡಿಯಲ್ಲಿ ತೂಗಿ ತಪ್ಪೆನ್ನುವುದು ಪ್ರಶ್ನೆಯನ್ನೇ ತಿಳಿಯದ ಮಾತು.

ಕನ್ನಡದ ಅಳತೆಗೋಲು ಇನ್ನೂ ಬೇರೆ. ನಮ್ಮಲ್ಲಿ ಹಣ್ಣಿಗೆ ಎದುರಾದುದು ತರಕಾರಿಯಲ್ಲ, ಕಾಯಿ. ಕಾಯ್ದುದು ಕಾಯಿ, ಮಾಗಿದುದು ಹಣ್ಣು. ಒಂದೇ ಗಿಡದ ಹಸಿರು ಟೊಮೆಟೊ ಕಾಯಿ, ಕೆಂಪಾದುದು ಹಣ್ಣು. ಎರಡೂ ಸಾರಿಗೆ ಬಿದ್ದಾಗ ತರಕಾರಿ. ಇಲ್ಲಿ ವಿರೋಧವೇ ಇಲ್ಲ. ಈ ನಿಯಮಕ್ಕೂ ರೂಢಿ ಮಿತಿ ಹಾಕಿದೆ: ಬಲಿತ ತೆಂಗು ಕೊನೆಯವರೆಗೂ ಕಾಯಿಯೇ. 'ಹಣ್ಣೋ ತರಕಾರಿಯೋ' ಎಂಬ ದ್ವಂದ್ವವೇ ಇಂಗ್ಲಿಷಿನಿಂದ ಬಂದ ಎರವಲು.

ಹಳಗನ್ನಡ ಕಾವ್ಯಗಳಿಗೆ ಟಿಪ್ಪಣಿ ಬರೆಯುವವರಿಗೆ ಇದು ಚಿಕ್ಕ ಸಂಗತಿಯಲ್ಲ. 'ಫಲ', 'ಕಾಯ್', 'ಪಣ್' ಎಂಬ ಮೂರಕ್ಕೂ ಒಂದೇ ಅರ್ಥ ಕೊಟ್ಟರೆ ಕವಿ ಕಂಡ ಋತುಭೇದ ಅಳಿಸಿಹೋಗುತ್ತದೆ. ನಿಘಂಟು ನೆನಪಿಗೆ ನೆರವೇ ಹೊರತು ಸಾಕ್ಷ್ಯವಲ್ಲ ಎಂದು ಆ ನ್ಯಾಯಾಲಯವೂ ಹೇಳಿತ್ತು. ಶಬ್ದದ ಅರ್ಥವನ್ನು ನಿರ್ಣಯಿಸುವ ಮೊದಲು ಅದನ್ನು ಯಾರು, ಯಾವ ಉದ್ದೇಶಕ್ಕೆ ಬಳಸಿದರೆಂದು ಕೇಳುವುದೇ ಸಂಶೋಧಕನ ಮೊದಲ ಕರ್ತವ್ಯ.