ಮಾವನ ಪುಸ್ತಕದಲ್ಲಿ ರಬ್ಬರ್ ಇರಲಿಲ್ಲ

ಇದು ನನ್ನ ವೃತ್ತಿಯವರನ್ನು ಬಯ್ಯೋಕೆ ಅಂತಲೇ ಬರೀತಿರೋದು. ಬಯ್ಯೋ ಮೊದಲು ನನ್ನ ತಪ್ಪು ಹೇಳಿಬಿಡ್ತೀನಿ, ಇಲ್ಲಾಂದ್ರೆ "ನೀನೇನು ಸಾಚಾನಾ" ಅಂತ ನೀವೇ ಕೇಳ್ತೀರಿ.

ತಿಪಟೂರಿನಲ್ಲಿ ನಮ್ಮ ಸೋದರಮಾವನದು ದಿನಸಿ ಅಂಗಡಿ. ಮೂವತ್ತು ವರ್ಷ ಒಂದೇ ಅಂಗಡಿ, ಒಬ್ಬ ಹುಡುಗ, ಒಂದು ತಕ್ಕಡಿ, ಉದ್ದದ ಕೆಂಪು ರಟ್ಟಿನ ಒಂದು ಪುಸ್ತಕ. ಆಮೇಲೆ ಬಸ್ ಸ್ಟ್ಯಾಂಡ್ ಹತ್ತಿರ ಎರಡನೇ ಅಂಗಡಿ ಆಯ್ತು, ಹಿಂದುಗಡೆ ಗೋಡೌನ್ ಆಯ್ತು, ಕೆಲಸದವರು ಏಳು ಜನ ಆದರು. ಪುಸ್ತಕ ಮಾತ್ರ ಒಂದೇ. ಆ ಅಂಗಡಿಗೆ ಬಂದ ಗಿರಾಕಿಯ ಬಾಕಿ ಈ ಅಂಗಡಿಗೆ ಗೊತ್ತಾಗಬೇಕಾದರೆ ಫೋನ್ ಮಾಡಬೇಕು. ಮಾವ ಒಂದಿನ, "ನೀನು ಬೆಂಗಳೂರಲ್ಲಿ ಅದೇನೋ ಡೇಟಾಬೇಸ್ ಕೆಲಸ ಮಾಡ್ತೀಯಂತಲ್ಲ, ನಮಗೂ ಒಂದು ಮಾಡಿಕೊಡೋ" ಅಂದರು.

ನಾನು ಹಿಗ್ಗಿ ಹೀರೇಕಾಯಿ ಆದೆ. ಎರಡು ವೀಕೆಂಡ್‌ನಲ್ಲಿ ಮುಗಿಸಿಬಿಟ್ಟೆ. ಮಾವನ ಹತ್ತಿರ ಕೂತು ಮಾತಾಡಿದ್ದು ಹತ್ತು ನಿಮಿಷ. ಆ ಕೆಂಪು ಪುಸ್ತಕವನ್ನು ತೆರೆದೂ ನೋಡಲಿಲ್ಲ. ನೋಡೋದೇನಿದೆ, ನಾನು ದಿನಾ ಕೋಟಿಗಟ್ಟಲೆ ಸಾಲುಗಳ ಟೇಬಲ್ ನೋಡೋನು!

ಗಿರಾಕಿ ಅಂತ ಒಂದು ಟೇಬಲ್. ಅದರಲ್ಲಿ ಹೆಸರು, ಫೋನ್ ನಂಬರ್, ಬಾಕಿ. ಸಾಮಾನು ತಗೊಂಡರೆ ಬಾಕಿ ಜಾಸ್ತಿ ಮಾಡು, ದುಡ್ಡು ಕೊಟ್ಟರೆ ಕಮ್ಮಿ ಮಾಡು. ಇಷ್ಟೇ ತಾನೇ? ಇನ್ನೊಂದು ಘನಕಾರ್ಯವನ್ನೂ ಮಾಡಿದೆ. ಸಾಲದ ಗಿರಾಕಿಗಳ ಕೈಯಲ್ಲಿ ಒಂದೊಂದು ಚಿಕ್ಕ ಪುಸ್ತಕ ಇರ್ತಿತ್ತು. ಮಾವ ತಮ್ಮ ಪುಸ್ತಕದಲ್ಲಿ ಬರೆದದ್ದನ್ನೇ ಅದರಲ್ಲೂ ಬರೆದುಕೊಡೋರು. "ಎಲ್ಲಾ ಕಂಪ್ಯೂಟರಲ್ಲೇ ಇರತ್ತೆ ಮಾವ, ಇನ್ಮೇಲೆ ಅದ್ಯಾಕೆ?" ಅಂತ ಅದನ್ನೂ ನಿಲ್ಲಿಸಿಬಿಟ್ಟೆ.

ನಾಲ್ಕು ತಿಂಗಳು ಚೆನ್ನಾಗಿ ನಡೀತು. ಐದನೇ ತಿಂಗಳು ಒಬ್ಬ ರಿಟೈರ್ಡ್ ಮೇಷ್ಟ್ರ ಬಾಕಿ 6,240 ರೂಪಾಯಿ ಅಂತ ತೋರಿಸ್ತು. ಮೇಷ್ಟ್ರು, "ಇಲ್ಲಪ್ಪಾ, ಹೋದ ವಾರ ನಿನ್ನ ಕೈಗೇ ನಾಲ್ಕು ಸಾವಿರ ಕೊಟ್ಟಿದ್ದೀನಲ್ಲ" ಅಂದರು. ಮಾವನಿಗೂ ಕೊಟ್ಟ ಹಾಗೆ ಮಸುಕುಮಸುಕು ನೆನಪು. ನನಗೆ ಫೋನ್ ಮಾಡಿದರು. ನಾನು ಇಲ್ಲಿಂದಲೇ ಲಾಗಿನ್ ಆಗಿ ನೋಡಿ, ಗಟ್ಟಿ ದನಿಯಲ್ಲಿ, "ಸಿಸ್ಟಮ್ ತಪ್ಪು ಮಾಡಲ್ಲ ಮಾವ, ಅವರಿಗೆ ಮರೆತಿರಬೇಕು" ಅಂದೆ.

ಆ ಮೇಷ್ಟ್ರು ಮಾವನಿಗೆ ಹೈಸ್ಕೂಲಿನಲ್ಲಿ ಪಾಠ ಹೇಳಿದವರು. ಅವರು ಜಗಳ ಆಡಲಿಲ್ಲ. ಮನೆಗೆ ಹೋಗಿ ಪೂರ್ತಿ ದುಡ್ಡು ತಂದು ಗಲ್ಲಾದ ಮೇಲಿಟ್ಟರು. "ಕಂಪ್ಯೂಟರಿಗೆ ವಯಸ್ಸಾಗಲ್ಲ ನೋಡು, ನನಗೇ ಆಗಿರೋದು" ಅಂತ ಹೇಳಿ ಹೋದರು. ಮತ್ತೆ ಅಂಗಡಿಗೆ ಬರಲಿಲ್ಲ.

ಆಗಿದ್ದೇನು ಅಂತ ಗೊತ್ತಾಗೋಕೆ ನನಗೆ ಒಂದು ರಾತ್ರಿ ಹಿಡೀತು. ಆ ದಿನ ಮೇಷ್ಟ್ರ ಬಾಕಿ ಇದ್ದದ್ದು 5,500. ಬಸ್ ಸ್ಟ್ಯಾಂಡ್ ಅಂಗಡಿಯಲ್ಲಿ ಅವರ ಮಗ 740 ರೂಪಾಯಿ ಸಾಮಾನು ತಗೊಳ್ತಿದ್ದ. ಹುಡುಗ ಮೇಷ್ಟ್ರ ಖಾತೆ ತೆರೆದಿಟ್ಟುಕೊಂಡು ಎಣ್ಣೆ ತರೋಕೆ ಒಳಗೆ ಹೋದ. ಪರದೆಯ ಮೇಲೆ 5,500 ಹಾಗೇ ಇತ್ತು. ಅದೇ ಐದು ನಿಮಿಷದಲ್ಲಿ ಮೇಷ್ಟ್ರು ಹಳೇ ಅಂಗಡಿಯಲ್ಲಿ 4,000 ಕಟ್ಟಿದರು. ಅಲ್ಲಿನ ಕಂಪ್ಯೂಟರ್ ಬಾಕಿಯನ್ನು 1,500 ಅಂತ ಬರೀತು. ಎಣ್ಣೆ ತಂದ ಹುಡುಗ ಸೇವ್ ಒತ್ತಿದ. ಅವನ ಕಂಪ್ಯೂಟರ್ 5,500ಕ್ಕೆ 740 ಕೂಡಿಸಿ 6,240 ಅಂತ ಅದರ ಮೇಲೇ ಬರೀತು. ನಾಲ್ಕು ಸಾವಿರ ಮಾಯ. ನಿಜವಾದ ಬಾಕಿ 2,240.

ಕಳೆದುಹೋದ ಅಪ್‌ಡೇಟ್ ಅಂತ ಇದಕ್ಕೆ ಪಠ್ಯಪುಸ್ತಕದಲ್ಲೇ ಹೆಸರಿದೆ. ಇಂಟರ್‌ವ್ಯೂಗಳಲ್ಲಿ ಫ್ರೆಷರ್‌ಗಳಿಗೆ ನಾನೇ ಈ ಪ್ರಶ್ನೆ ಕೇಳಿದ್ದೀನಿ, ನಾಚಿಕೆಗೇಡು.

ಇಲ್ಲಿಗೆ ತಪ್ಪೊಪ್ಪಿಗೆ ಮುಗೀತು. ಇನ್ನು ಜಗಳಕ್ಕೆ ಬರೋಣ.

ಇದನ್ನು ಆಫೀಸಿನಲ್ಲಿ ಹೇಳಿದಾಗ ಎಲ್ಲರೂ ಅಂದದ್ದು ಒಂದೇ ಮಾತು: "ಲಾಕ್ ಹಾಕಬೇಕಿತ್ತು ಗುರೂ." ನಿಜ, ಹಾಕಬೇಕಿತ್ತು. ಹಾಕಿದ್ದರೆ ಆ ದಿನದ ತಪ್ಪು ಆಗ್ತಿರಲಿಲ್ಲ. ಆದರೆ ನನ್ನ ತಕರಾರು ಬೇರೆ. ತಪ್ಪು ಇನ್ನೊಂದು ದಾರಿಯಲ್ಲಿ ಆಗಬಹುದಿತ್ತು. ಹುಡುಗ 400 ಅನ್ನೋ ಕಡೆ 4,000 ಒತ್ತಬಹುದು, ಒಬ್ಬರ ಖಾತೆಗೆ ಹಾಕೋದನ್ನು ಇನ್ನೊಬ್ಬರ ಖಾತೆಗೆ ಹಾಕಬಹುದು. ಆಗ ಮೇಷ್ಟ್ರ ಮುಂದೆ ತೆರೆದು ತೋರಿಸೋಕೆ ನನ್ನ ಡೇಟಾಬೇಸ್‌ನಲ್ಲಿ ಏನಿತ್ತು? ಒಂದು ಅಂಕಿ. ಅದು ಹೇಗೆ ಬಂತು, ಯಾವತ್ತು, ಯಾರು ಬರೆದದ್ದು, ಯಾವುದಕ್ಕೂ ಉತ್ತರ ಇಲ್ಲ. ಮಾವನ ಪುಸ್ತಕದಲ್ಲಿ ಎಲ್ಲದಕ್ಕೂ ಇತ್ತು.

ಆಮೇಲೆ, ಬುದ್ಧಿ ಬಂದ ಮೇಲೆ, ಆ ಕೆಂಪು ಪುಸ್ತಕ ತೆರೆದು ನೋಡಿದೆ ಸ್ವಾಮಿ. ಗಿರಾಕಿಗೊಂದು ಪುಟ. ಪ್ರತಿ ಸಾಲಕ್ಕೂ ಒಂದು ಸಾಲು: ತಾರೀಖು, ಏನು, ಎಷ್ಟು. ಕೊಟ್ಟ ದುಡ್ಡಿಗೂ ಒಂದು ಸಾಲು. ತಪ್ಪಾದ ಕಡೆ ಉಜ್ಜಿ ಅಳಿಸಿಲ್ಲ. ಒಂದು ಗೆರೆ ಎಳೆದು, ಕೆಳಗೆ ಸರಿ ಬರೆದು, ಪಕ್ಕದಲ್ಲಿ ಸಹಿ. ಕೇಳಿದರೆ ಮಾವ, "ಅಳಿಸಿದ್ರೆ ಯಾರು ನಂಬ್ತಾರೋ? ನಮ್ಮಪ್ಪ ಅಂಗಡಿಗೆ ರಬ್ಬರೇ ತರ್ತಿರಲಿಲ್ಲ" ಅಂದರು.

ಇದು ಮಾವನ ಅಪ್ಪ ಕಂಡುಹಿಡಿದದ್ದೇನಲ್ಲ. 1494ರಲ್ಲಿ ಲೂಕಾ ಪಾಚೋಲಿ ಅನ್ನೋ ಇಟಲಿಯ ಸನ್ಯಾಸಿ ವೆನಿಸ್‌ನಲ್ಲಿ ಅಚ್ಚು ಹಾಕಿಸಿದ ಗಣಿತದ ಪುಸ್ತಕದಲ್ಲಿ, ಅಲ್ಲಿನ ವ್ಯಾಪಾರಿಗಳು ಲೆಕ್ಕ ಇಡೋ ಕ್ರಮವನ್ನು ವಿವರಿಸಿದ್ದಾನೆ. ನಡೆದದ್ದನ್ನು ನಡೆದ ಕೂಡಲೇ ಬರೆಯೋಕೆ ಒಂದು ಪುಸ್ತಕ, ಅದನ್ನು ತಾರೀಖಿನ ಪ್ರಕಾರ ಓರಣ ಮಾಡೋಕೆ ಇನ್ನೊಂದು, ಖಾತೆವಾರು ಒಟ್ಟುಮಾಡೋಕೆ ಮತ್ತೊಂದು. ವ್ಯಾಪಾರಿಗಳು ಶತಮಾನಗಳ ಕಾಲ ಕೈ ಸುಟ್ಟುಕೊಂಡು ಕಲಿತ ಬುದ್ಧಿ ಇದು. ನಾವು ಅದನ್ನು ಹಳೇ ಕಾಲದ ಪುಸ್ತಕ ಅಂತ ಮೂಲೆಗೆ ಎಸೆದು, ಅದರ ಜಾಗದಲ್ಲಿ ಬಾಕಿ ಅನ್ನೋ ಒಂದು ಕಾಲಂ ಇಟ್ಟು, ಡಿಜಿಟಲ್ ಇಂಡಿಯಾ ಅಂತೀವಿ.

1970ರಲ್ಲಿ ಐಬಿಎಂನ ಎಡ್ಗರ್ ಕಾಡ್ ರಿಲೇಶನಲ್ ಮಾದರಿಯ ಬಗ್ಗೆ ಪ್ರಬಂಧ ಬರೆದಾಗ ಅವನ ಕಾಳಜಿ ಒಂದಿತ್ತು: ಮಾಹಿತಿ ಯಂತ್ರದೊಳಗೆ ಹೇಗೆ ಕೂತಿದೆ ಅನ್ನೋ ತಲೆನೋವು ಬಳಸೋನಿಗೆ ಇರಬಾರದು. ಅದರಿಂದ ಬೆಳೆದು ಬಂದ ಪಾಠವನ್ನು ನಾವೆಲ್ಲ ಕಾಲೇಜಿನಲ್ಲಿ ಬಾಯಿಪಾಠ ಮಾಡಿದ್ದೀವಿ, ಒಂದು ಸಂಗತಿ ಒಂದೇ ಜಾಗದಲ್ಲಿ ಇರಲಿ ಅಂತ. ಆದರೆ ಸಂಗತಿ ಅಂದ್ರೆ ಯಾವುದು? ಅದನ್ನು ಪುಸ್ತಕ ಹೇಳಿಕೊಡಲ್ಲ, ಅಂಗಡಿ ಹೇಳಿಕೊಡತ್ತೆ. ಬಾಕಿ ಒಂದು ಸಂಗತಿ ಅಲ್ಲ, ಕೂಡಿ ಕಳೆದ ಮೇಲೆ ಬರೋ ಉತ್ತರ. ಕೊಟ್ಟದ್ದು, ತಗೊಂಡದ್ದು ಸಂಗತಿ. ಉತ್ತರವನ್ನಷ್ಟೇ ಇಟ್ಟುಕೊಂಡು ಲೆಕ್ಕ ಮಾಡಿದ ಹಾಳೆ ಹರಿದುಹಾಕೋ ಹುಡುಗನಿಗೆ ಮೇಷ್ಟ್ರು ಮಾರ್ಕ್ಸ್ ಕೊಡ್ತಾರಾ?

ಬೆಲೆಯದೂ ಇದೇ ಕಥೆ. ಸಾಮಾನು ಅನ್ನೋ ಟೇಬಲ್‌ನಲ್ಲಿ ಬೆಲೆ ಅಂತ ಒಂದು ಕಾಲಂ ಇಟ್ಟು, ಬಿಲ್ಲು ಪ್ರಿಂಟ್ ಮಾಡುವಾಗ ಅಲ್ಲಿಂದಲೇ ಎತ್ತೋ ಸಾಫ್ಟ್‌ವೇರ್‌ಗಳನ್ನು ನಾನು ನೋಡಿದ್ದೀನಿ. "ಬಿಲ್ಲಿನಲ್ಲೂ ಬೆಲೆ ಬರೆದಿಟ್ಟರೆ ಒಂದೇ ವಿಷಯ ಎರಡು ಸಲ ಆಗುತ್ತಲ್ಲ" ಅಂತ ವಾದ ಬೇರೆ. ಇವತ್ತಿನ ಬೆಲೆ ಬೇರೆ ಸಂಗತಿ, ಆವತ್ತು ಮಾರಿದ ಬೆಲೆ ಬೇರೆ ಸಂಗತಿ. 2025ರ ಸೆಪ್ಟೆಂಬರ್ 22ರಂದು ಸೋಪು, ಟೂತ್‌ಪೇಸ್ಟ್, ತಲೆಗೆ ಹಚ್ಚೋ ಎಣ್ಣೆಯ ಜಿಎಸ್‌ಟಿ ಶೇಕಡಾ 18ರಿಂದ 5ಕ್ಕೆ ಇಳಿಯಿತಲ್ಲ, ತೆರಿಗೆಯ ದರವನ್ನು ಹೀಗೆ ಒಂದೇ ಕಡೆ ಇಟ್ಟವರ ಕಥೆ ಯೋಚಿಸಿ. ಆಗಸ್ಟ್‌ನಲ್ಲಿ ಮಾರಿದ ಸೋಪಿನ ಬಿಲ್ಲನ್ನು ಅಕ್ಟೋಬರ್‌ನಲ್ಲಿ ತೆಗೆದರೆ ಹೊಸ ದರ ತೋರಿಸುತ್ತೆ. ಜಿಎಸ್‌ಟಿ ಕಾನೂನು ಪ್ರಕಾರ ಲೆಕ್ಕಪತ್ರವನ್ನು ವಾರ್ಷಿಕ ರಿಟರ್ನ್‌ನ ಕೊನೇ ದಿನದಿಂದ 72 ತಿಂಗಳು ಕಾಪಾಡಬೇಕು. ತನ್ನಷ್ಟಕ್ಕೆ ತಾನೇ ಬದಲಾಗೋ ಬಿಲ್ಲನ್ನು ಎಷ್ಟು ತಿಂಗಳು ಕಾಪಾಡಿದರೆ ಏನು ಪ್ರಯೋಜನ?

ಇನ್ನು ಎಂಆರ್‌ಪಿ. ಹೊರದೇಶದ ಟ್ಯುಟೋರಿಯಲ್ ನೋಡಿ ಟೇಬಲ್ ಮಾಡೋರಿಗೆ ಈ ಪ್ರಾಣಿಯ ಪರಿಚಯವೇ ಇರಲ್ಲ. ಅದೇ ಬಿಸ್ಕತ್ತು, ಅದೇ ಬಾರ್‌ಕೋಡ್, ಹಳೇ ಪೆಟ್ಟಿಗೆಯ ಮೇಲೆ ಒಂದು ಎಂಆರ್‌ಪಿ, ಹೊಸ ಪೆಟ್ಟಿಗೆಯ ಮೇಲೆ ಇನ್ನೊಂದು. ಎರಡೂ ಒಂದೇ ಶೆಲ್ಫಿನಲ್ಲಿ ಕೂತಿರ್ತವೆ. ಹಳೇ ಪ್ಯಾಕೆಟ್ಟಿಗೆ ಹೊಸ ಬೆಲೆ ಹಾಕಿ ಅದರ ಮೇಲಿರೋ ಎಂಆರ್‌ಪಿಗಿಂತ ಜಾಸ್ತಿ ತಗೊಂಡರೆ ಕಾನೂನು ಪ್ರಕಾರ ತಪ್ಪು. ಹಾಗಾಗಿ ಸಾಮಾನು ಬೇರೆ, ಆ ಸಾಮಾನಿನ ಒಂದೊಂದು ಲೋಡ್ ಬೇರೆ. ಲೋಡಿಗೆ ತನ್ನದೇ ಎಂಆರ್‌ಪಿ, ತನ್ನದೇ ಎಕ್ಸ್‌ಪೈರಿ ತಾರೀಖು, ತನ್ನದೇ ಟೇಬಲ್ ಬೇಕು. ಮಾವನ ಅಂಗಡಿ ಹುಡುಗನಿಗೆ ಗೊತ್ತಿರೋ ವಿಷಯ ಇದು. ಹೊಸದನ್ನು ಹಿಂದೆ ಇಟ್ಟು ಹಳೇದನ್ನು ಮುಂದೆ ತರೋನು ಅವನೇ.

ದಾಸ್ತಾನೂ ಒಂದು ಅಂಕಿ ಅಲ್ಲ. ಬಂದದ್ದು ಒಂದು ಸಾಲು, ಮಾರಿದ್ದು ಒಂದು ಸಾಲು, ಗೋಡೌನ್‌ನಿಂದ ಅಂಗಡಿಗೆ ಹೋದದ್ದು ಒಂದು ಸಾಲು, ಮೂಟೆ ಒಡೆದು ಅರ್ಧ ಕೆಜಿ ಪ್ಯಾಕೆಟ್ ಕಟ್ಟಿದ್ದು ಒಂದು ಸಾಲು. ಇಲಿ ತಿಂದದ್ದೂ ಒಂದು ಸಾಲು. ನಗಬೇಡಿ, ಇಲಿಗೊಂದು ಸಾಲು ಇಲ್ಲದ ಡೇಟಾಬೇಸ್‌ನಲ್ಲಿ ಆ ನಷ್ಟದ ಅನುಮಾನ ಬರೋದು ಕೆಲಸದ ಹುಡುಗನ ಮೇಲೆ.

ಈಗ ನೀವು ಕೇಳ್ತೀರಿ, "ಎಲ್ಲದಕ್ಕೂ ಸಾಲು ಬರೀತಾ ಹೋದರೆ ಸ್ಕೇಲ್ ಆಗುತ್ತಾ?" ಈ ಪದ ಕೇಳಿದರೆ ನನಗೆ ಮೈ ಉರಿಯುತ್ತೆ. ಲೆಕ್ಕ ಹಾಕಿ. ಎರಡು ಅಂಗಡಿ ಸೇರಿ ದಿನಕ್ಕೆ 300 ಬಿಲ್ಲು, ಬಿಲ್ಲಿಗೆ 8 ಸಾಲು ಅಂತಿಟ್ಟುಕೊಳ್ಳಿ. ದಿನಕ್ಕೆ 2,400 ಸಾಲು. ವರ್ಷಕ್ಕೆ 360 ದಿನ ಬಾಗಿಲು ತೆಗೆದರೆ 8,64,000. ಹತ್ತು ವರ್ಷಕ್ಕೆ 86 ಲಕ್ಷ ಚಿಲ್ಲರೆ. ದುಡ್ಡು ಕೊಡದೆ ಸಿಗೋ ಪೋಸ್ಟ್‌ಗ್ರೆಸ್, ನಿಮ್ಮ ಹಳೇ ಲ್ಯಾಪ್‌ಟಾಪ್ ಮೇಲೆ ಕೂತು ಇಷ್ಟನ್ನು ಆರಾಮಾಗಿ ನೋಡಿಕೊಳ್ಳುತ್ತೆ. ಒಬ್ಬ ಗಿರಾಕಿಯ ಕೆಲವು ನೂರು ಸಾಲು ಕೂಡಿಸಿ ಬಾಕಿ ಹೇಳೋಕೆ, ಸರಿಯಾದ ಇಂಡೆಕ್ಸ್ ಇದ್ದರೆ, ಕಣ್ಣು ಮಿಟುಕಿಸೋಷ್ಟು ಹೊತ್ತೂ ಬೇಡ. ದಿನಸಿ ಅಂಗಡಿಗೆ ಮೈಕ್ರೋಸರ್ವೀಸು, ನೋಎಸ್‌ಕ್ಯೂಎಲ್ಲು ಅಂತ ಸಲಹೆ ಕೊಟ್ಟ ಗೆಳೆಯರಿದ್ದಾರೆ ನನಗೆ. ಇಲಿ ಹಿಡಿಯೋಕೆ ಆನೆ ಬೋನು ತರೋ ಜನ.

ಅಂಗಡಿ ಬೆಳೆದಾಗ ಮುರಿದು ಬೀಳೋದು ವೇಗ ಅಲ್ಲ, ನಂಬಿಕೆ. ಒಂದೇ ಅಂಗಡಿ ಇದ್ದಾಗ ಮಾವನ ಕಣ್ಣು, ಮಾವನ ನೆನಪೇ ಭದ್ರತೆ. ಎರಡನೇ ಅಂಗಡಿ ಆದ ದಿನ ಅದು ಸಾಲದು. ಡೇಟಾಬೇಸ್ ಬೇಕಾಗೋದು ಆಗಲೇ. ನನ್ನಂಥವರು ಕೊಡೋದು ಮಾತ್ರ ಮಾವನ ನೆನಪಿಗಿಂತ ಕಡೆಯಾದ, ನಿನ್ನೆಯದು ಇವತ್ತು ನೆನಪಿಲ್ಲದ ಒಂದು ಪೆಟ್ಟಿಗೆ. "ಕೊಟ್ಟೋನು ಕೋಡಂಗಿ, ಇಸ್ಕೊಂಡೋನು ಈರಭದ್ರ" ಅನ್ನೋ ಗಾದೆ ಸಾಲ ಕೊಟ್ಟವನ ಪಾಡು ಹೇಳುತ್ತೆ. ನಾನು ಸಾಲ ತೀರಿಸಿದವರನ್ನೇ ಕೋಡಂಗಿ ಮಾಡಿದೆ.

ಈಗ ಮಾವನ ಅಂಗಡಿಯ ಡೇಟಾಬೇಸ್‌ನಲ್ಲಿ ಬಾಕಿ ಅನ್ನೋ ಕಾಲಂ ಇಲ್ಲ. ಜಮಾ-ಖರ್ಚು ಅಂತ ಒಂದು ಟೇಬಲ್ ಇದೆ, ಅದಕ್ಕೆ ಸೇರಿಸಬಹುದು, ತಿದ್ದೋ ಹಾಗಿಲ್ಲ, ಅಳಿಸೋ ಹಾಗಿಲ್ಲ. ಆ ಅನುಮತಿಯನ್ನು ಡೇಟಾಬೇಸ್‌ನಲ್ಲೇ ಕಿತ್ತುಹಾಕಿದ್ದೀನಿ, ಸ್ಕ್ರೀನಿನಲ್ಲಿ ಬಟನ್ ಬಚ್ಚಿಟ್ಟು ಕೈ ತೊಳೆದುಕೊಂಡಿಲ್ಲ. ತಪ್ಪಾದರೆ ಉಲ್ಟಾ ಸಾಲು ಹಾಕಬೇಕು, ಯಾರು ಹಾಕಿದರು ಅನ್ನೋದು ಉಳಿಯುತ್ತೆ. ದುಡ್ಡು ಪೈಸೆಯ ಲೆಕ್ಕದಲ್ಲಿ ಪೂರ್ಣಾಂಕವಾಗಿ ಕೂರುತ್ತೆ, ಫ್ಲೋಟ್ ಅಲ್ಲ. ಬಿಲ್ಲಿನ ಸಾಲು ಮತ್ತು ದಾಸ್ತಾನಿನ ಸಾಲು ಒಂದೇ ಟ್ರಾನ್ಸಾಕ್ಷನ್‌ನಲ್ಲಿ ಹೋಗುತ್ತವೆ. ಮಧ್ಯೆ ಕರೆಂಟ್ ಹೋದರೆ ಎರಡೂ ಇರಲ್ಲ, ಒಂದೇ ಉಳಿಯೋ ಮಾತಿಲ್ಲ. ಚಿಕ್ಕ ಪುಸ್ತಕದ ಬದಲು ಪ್ರತಿ ಸಲ ದುಡ್ಡು ಕಟ್ಟಿದಾಗಲೂ ಒಂದು ಚೀಟಿ ಪ್ರಿಂಟ್ ಆಗುತ್ತೆ, ಬೇಡ ಅಂದರೂ ಕೊಡ್ತಾರೆ. ಇದನ್ನೆಲ್ಲ ಮಾಡೋ ಮುಂಚೆ ನಾನು ಆರು ದಿನ ಗಲ್ಲಾದ ಪಕ್ಕ ಸ್ಟೂಲ್ ಹಾಕಿಕೊಂಡು ಕೂತಿದ್ದೆ. ಮೊದಲ ಸಲವೇ ಕೂತಿದ್ದರೆ ಎರಡು ವೀಕೆಂಡ್ ಉಳೀತಿತ್ತು.

ಮೇಷ್ಟ್ರ ನಾಲ್ಕು ಸಾವಿರ ಸಿಕ್ತು ಅನ್ನೋದನ್ನು ಹೇಳಲೇ ಇಲ್ಲ. ಮಾವ ದಿನಾ ರಾತ್ರಿ ಗಲ್ಲಾ ಎಣಿಸಿ ಕ್ಯಾಲೆಂಡರಿನ ಹಿಂದೆ ಬರೆಯೋ ಅಭ್ಯಾಸ ಬಿಟ್ಟಿರಲಿಲ್ಲ. ಆ ತಾರೀಖಿನಲ್ಲಿ ಪೆನ್ನಿನಲ್ಲಿ "4,000 ಹೆಚ್ಚು, ಯಾಕೋ ಗೊತ್ತಿಲ್ಲ" ಅಂತ ಇತ್ತು. ನನ್ನ ಡೇಟಾಬೇಸ್ ಮರೆತದ್ದನ್ನು ಕ್ಯಾಲೆಂಡರಿನ ಬೆನ್ನು ನೆನಪಿಟ್ಟುಕೊಂಡಿತ್ತು. ನಾನೇ ಹೋಗಿ ದುಡ್ಡು ವಾಪಸ್ ಕೊಟ್ಟು ಕ್ಷಮೆ ಕೇಳಿದೆ. ಮೇಷ್ಟ್ರು ಕಾಫಿ ಕೊಟ್ಟರು, ಒಳ್ಳೇ ಮಾತಾಡಿದರು. ದಿನಸಿ ಮಾತ್ರ ಈಗಲೂ ಬೇರೆ ಅಂಗಡಿಯಿಂದಲೇ ತರ್ತಾರೆ.

ಮುಂದಿನ ಸಲ ಊರಿಗೆ ಹೋದಾಗ ನಿಮ್ಮ ಅಪ್ಪನೋ ಚಿಕ್ಕಪ್ಪನೋ "ಅಂಗಡಿಗೆ ಒಂದು ಡೇಟಾಬೇಸ್ ಮಾಡಿಕೊಡೋ" ಅಂದರೆ, ಲ್ಯಾಪ್‌ಟಾಪ್ ತೆರೀಬೇಡಿ. ಮೊದಲು ಅವರ ಪುಸ್ತಕ ಕೇಳಿ ಇಸ್ಕೊಳ್ಳಿ.